ಹಲ್ಲು ಕೀಳಿಸಲು ಐದು ದಿನ ಮಾತ್ರೆ ಬಿಡಬೇಕಾ? ಒಂದು ಹಳೇ ಭಯದ ಹಿನ್ನೆಲೆ

ಹಾರ್ಟ್ ವಾಲ್ವ್ ಬದಲಾಯಿಸಿಕೊಂಡು, ಅಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಮಾತ್ರೆ ತಗೊಳ್ಳುತ್ತಿರುವವರು ಹಲ್ಲುನೋವು ಅಂತ ದಂತವೈದ್ಯರ ಹತ್ತಿರ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: "ಹಾರ್ಟ್ ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೊಂಡು ಬನ್ನಿ." ಹಾರ್ಟ್ ಡಾಕ್ಟರು ಕಿಕ್ಕಿರಿದ ಓಪಿಡಿಯಲ್ಲಿ ಒಂದು ಸಾಲು ಗೀಚಿ ಕೊಡುತ್ತಾರೆ: ಐದು ದಿನ ಮಾತ್ರೆ ನಿಲ್ಲಿಸಿ. ಕೆಲವರು ಅಷ್ಟು ದೂರವೂ ಹೋಗುವುದಿಲ್ಲ. ಪಕ್ಕದ ಮನೆಯವರು ಹೇಳಿದರು ಅಂತ ತಾವೇ ನಿಲ್ಲಿಸಿಬಿಡುತ್ತಾರೆ.

ಐದು ದಿನದ ಲೆಕ್ಕದಲ್ಲಿ ಗುಟ್ಟೇನಿಲ್ಲ. ಇಂಥ ಮಾತ್ರೆಗಳಲ್ಲಿ ಒಂದಾದ ವಾರ್ಫರಿನ್‌ನ ಪರಿಣಾಮ ದೇಹದಿಂದ ಇಳಿಯಲು ಹೆಚ್ಚುಕಮ್ಮಿ ಅಷ್ಟು ಸಮಯ ಬೇಕು. ಆದರೆ ಹಲ್ಲಿನ ವಿಷಯದಲ್ಲಿ ನಿಲ್ಲಿಸಲೇಬೇಕು ಅನ್ನುವ ಹಠ ಯಾಕೆ ಬಂತು ಅಂತ ಹುಡುಕಿದರೆ ದನದ ಕೊಟ್ಟಿಗೆಗೆ ಹೋಗಿ ನಿಲ್ಲಬೇಕಾಗುತ್ತದೆ.

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಹೋರಿಗೆ ಬೀಜ ಒಡೆದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದಕ್ಕೆ ಕಾರಣ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ಎಂದು ಕಂಡುಹಿಡಿದರು. ಆದರೆ ಆ ಮೇವಿನಲ್ಲಿ ಇರುವುದೇನು ಅಂತ ಗೊತ್ತಿರಲಿಲ್ಲ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬಂದ. ಗಾಡಿಯಲ್ಲಿ ಇದ್ದದ್ದು ಸತ್ತ ಕಡಸು, ಕೆಟ್ಟ ಮೇವಿನ ಹೊರೆ, ಮತ್ತೆ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಅಲ್ಲಿನ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಆ ಕ್ಯಾನಿನ ಬೆನ್ನು ಹತ್ತಿದರು. ಅವರ ತಂಡಕ್ಕೆ ಆ ವಸ್ತುವಿನ ಹರಳು ಕೈಗೆ ಸಿಗಲು 1939 ಆಯಿತು. ಅದೇ ಡೈಕುಮರಾಲ್. 1940ರ ದಶಕದಲ್ಲಿ ಅದು ಮನುಷ್ಯರಿಗೂ ಔಷಧಿಯಾಯಿತು. ಅದರ ತಮ್ಮ ವಾರ್ಫರಿನ್ ಮಾತ್ರ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ ಯುವಕನೊಬ್ಬ ಅದನ್ನು ತಿಂದು ಸಾಯಲು ಹೊರಟು, ಅದರ ಪರಿಣಾಮವನ್ನು ಇಳಿಸುವ ವಿಟಮಿನ್ ಕೆ ಕೊಟ್ಟ ಮೇಲೆ ಬದುಕಿಕೊಂಡ. ಹಾಗಾದರೆ ಮನುಷ್ಯರಿಗೂ ಕೊಡಬಹುದಲ್ಲ ಎನ್ನುವ ಧೈರ್ಯ ಬಂತು. 1954ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು.

ಇಂಥ ಹುಟ್ಟಿನ ಔಷಧಿಗೆ ಯಾರು ಹೆದರುವುದಿಲ್ಲ ಹೇಳಿ! ಕೊಂಬು ಕತ್ತರಿಸಿದ್ದಕ್ಕೇ ದನ ಸತ್ತಿತ್ತು. ದಂತವೈದ್ಯರ ಕುರ್ಚಿಯಲ್ಲಿ ಕೂತವರಿಗೂ ಹಾಗೇ ಆದರೆ?

ಭಯ ಸುಳ್ಳಾಗಿರಲಿಲ್ಲ. ಡೈಕುಮರಾಲ್ ತಗೊಳ್ಳುತ್ತಿದ್ದವರಿಗೆ ಹಲ್ಲು ಕಿತ್ತ ಮೇಲೆ ವಿಪರೀತ ರಕ್ತ ಹೋದ ಪ್ರಕರಣಗಳು 1950ರ ದಶಕದ ವೈದ್ಯಕೀಯ ಪತ್ರಿಕೆಗಳಲ್ಲೇ ಇವೆ. ತಪ್ಪಿದ್ದದ್ದು ಅಳತೆಯಲ್ಲಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆಯನ್ನು ಆರ್ಮಂಡ್ ಕ್ವಿಕ್ 1935ರಲ್ಲೇ ರೂಪಿಸಿದ್ದರು. ಆ ಪರೀಕ್ಷೆಗೆ ಪ್ರಾಣಿಗಳ ಅಂಗಾಂಶದಿಂದ ತೆಗೆದ ಒಂದು ಪುಡಿ ಬೇಕು. ಆ ಪುಡಿ ಒಂದೊಂದು ಕಡೆ ಒಂದೊಂದು ತರ. ಒಂದೇ ರಕ್ತಕ್ಕೆ ಎರಡು ಲ್ಯಾಬಿನಲ್ಲಿ ಎರಡು ಸಂಖ್ಯೆ ಬರುತ್ತಿತ್ತು. ಅಮೆರಿಕದಲ್ಲಿ ಮೊಲದ ಮಿದುಳಿನಿಂದ ಮಾಡಿದ, ಅಷ್ಟು ಸೂಕ್ಷ್ಮವಲ್ಲದ, ಹಾಗಾಗಿ ಕಮ್ಮಿ ಸಂಖ್ಯೆ ತೋರಿಸುವ ಪುಡಿ ಬಳಕೆಗೆ ಬಂತು. ಡಾಕ್ಟರುಗಳು ಮಾತ್ರ ಹಳೇ ಸಂಖ್ಯೆಯನ್ನೇ ಗುರಿಯಾಗಿ ಇಟ್ಟುಕೊಂಡರು. ಹೀಗಾಗಿ ಎಷ್ಟೋ ಜನ ತಮಗೆ ಗೊತ್ತಿಲ್ಲದೆ ಜಾಸ್ತಿ ಡೋಸ್ ನುಂಗುತ್ತಿದ್ದರು. ಅವರ ಹಲ್ಲು ಕಿತ್ತರೆ ರಕ್ತ ನಿಲ್ಲದಿದ್ದದ್ದು ಆಶ್ಚರ್ಯವೇನಲ್ಲ.

ಈ ಗೊಂದಲ ಸರಿಹೋದದ್ದು 1983ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಲ್ಯಾಬುಗಳಿಗೂ ಒಂದೇ ಅಳತೆ ತಂದಿತು. ಅದೇ ಐಎನ್‌ಆರ್. ಸಂಖ್ಯೆ ಹೆಚ್ಚಿದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ. ಮಾತ್ರೆ ತಗೊಳ್ಳದವರಿಗೆ ಅದು 1ರ ಆಸುಪಾಸು ಇರುತ್ತದೆ. ಎದೆಬಡಿತ ಏರುಪೇರಾಗುವವರಿಗೆ 2ರಿಂದ 3 ಇಡುತ್ತಾರೆ. ಲೋಹದ ವಾಲ್ವ್ ಇರುವ ಹಲವರಿಗೆ 2.5ರಿಂದ 3.5.

ತಮಾಷೆ ಏನೆಂದರೆ, ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳಬಹುದು ಎಂದು ನ್ಯೂಯಾರ್ಕ್‌ನ ಬೆಹ್ರ್‌ಮನ್ ಮತ್ತು ರೈಟ್ 1961ರಲ್ಲೇ ಬರೆದಿದ್ದರು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1989ರಲ್ಲಿ ಡೆನ್ಮಾರ್ಕಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಾತ್ರೆ ಬಿಡಿಸದೆ 39 ಜನರಿಗೆ ಬಾಯಿಯ ಸರ್ಜರಿ ಮಾಡಿದರು. ಅರ್ಧದಷ್ಟು ಜನರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು, ಉಳಿದವರಿಗೆ ಔಷಧಿಯಿಲ್ಲದ ದ್ರವ. ಔಷಧಿ ಸಿಕ್ಕವರಲ್ಲಿ ಒಬ್ಬರಿಗೆ ಮಾತ್ರ ಆಮೇಲೆ ರಕ್ತ ಬಂತು, ಸಿಗದವರಲ್ಲಿ ಎಂಟು ಜನರಿಗೆ. ಈ ಔಷಧಿ ಬಂದದ್ದು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ ಅವರ 1960ರ ದಶಕದ ಸಂಶೋಧನೆಯಿಂದ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನುವುದು ಉಟಾಕೊ ಅವರ ಆಸೆಯಾಗಿತ್ತು. ಬಾಯಿಗೂ ಇದು ಚೆನ್ನಾಗಿ ಹೊಂದಿತು. ಹೆಪ್ಪನ್ನು ಕರಗಿಸುವ ಅಂಶ ಎಂಜಲಿನಲ್ಲೇ ಇರುತ್ತದೆ, ಈ ಔಷಧಿ ಅದನ್ನು ತಡೆಯುತ್ತದೆ.

ಅಮೆರಿಕದ ದಂತವೈದ್ಯ ಮೈಕೆಲ್ ವಾಲ್ ಹಳೆಯ ವರದಿಗಳನ್ನೆಲ್ಲ ಒಟ್ಟುಹಾಕಿ 2000ದಲ್ಲಿ ಲೆಕ್ಕ ಮುಂದಿಟ್ಟರು. ಮಾತ್ರೆ ನಿಲ್ಲಿಸದೆ ಚಿಕಿತ್ಸೆ ಪಡೆದ 950ಕ್ಕೂ ಹೆಚ್ಚು ಜನರಲ್ಲಿ, ಹೊಲಿಗೆ, ಒತ್ತುವ ಹತ್ತಿ ಇತ್ಯಾದಿಗಳಿಂದ ರಕ್ತ ನಿಲ್ಲದೆ ಹೆಚ್ಚಿನ ಚಿಕಿತ್ಸೆ ಬೇಕಾದದ್ದು 12 ಜನರಿಗೆ. ಮಾತ್ರೆ ನಿಲ್ಲಿಸಿದ 526 ಜನರಲ್ಲಿ ಐವರಿಗೆ ದೇಹದೊಳಗೆ ಅಪಾಯಕಾರಿ ಹೆಪ್ಪು ಸಿಕ್ಕಿಕೊಂಡಿತು. ಅವರಲ್ಲಿ ನಾಲ್ವರು ಸತ್ತರು.

ಈ ಲೆಕ್ಕದ ಹಿಂದೆ ಇನ್ನೊಂದು ಸಂಗತಿ ಇದೆ ಅಂತ ನನಗನ್ನಿಸುತ್ತದೆ. ರಕ್ತ ಸುರಿದರೆ ಅದು ದಂತವೈದ್ಯರ ಕುರ್ಚಿಯಲ್ಲೇ, ಎಲ್ಲರ ಕಣ್ಣೆದುರು. ಬೈಗುಳವೂ ಅವರಿಗೇ. ಮಾತ್ರೆ ಬಿಟ್ಟವರಿಗೆ ವಾರದ ಮೇಲೆ ಮನೆಯಲ್ಲಿ ಲಕ್ವ ಹೊಡೆದರೆ ಅದನ್ನು ಕಿತ್ತ ಹಲ್ಲಿನ ಜೊತೆ ಜೋಡಿಸುವವರು ಯಾರು? "ಮೊದಲೇ ಹಾರ್ಟ್ ಪೇಷಂಟು, ಪಾಪ" ಅಂತ ಎಲ್ಲರೂ ಸುಮ್ನಾಗುತ್ತಾರೆ. ನಿಲ್ಲಿಸಿ ಅನ್ನುವ ಸಲಹೆಗೆ ಇಷ್ಟು ಆಯುಷ್ಯ ಬಂದದ್ದು ಹೀಗೆ.

ಆಸ್ಪಿರಿನ್ ಕಥೆಯೂ ಬಾಯಿಂದಲೇ ಶುರು. 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಲಾರೆನ್ಸ್ ಕ್ರೇವನ್ ಟಾನ್ಸಿಲ್ ತೆಗೆದವರಿಗೆ ನೋವಿಗೆಂದು ಆಸ್ಪಿರಿನ್ ಬೆರೆತ ಚೂಯಿಂಗ್ ಗಮ್ ಕೊಡುತ್ತಿದ್ದರು. ಜಾಸ್ತಿ ಅಗಿದವರಿಗೆ ಗಂಟಲಲ್ಲಿ ರಕ್ತ ನಿಲ್ಲಲಿಲ್ಲ. ಹಾಗಾದರೆ ಹೃದಯದಲ್ಲಿ ಹೆಪ್ಪುಗಟ್ಟುವುದನ್ನೂ ಇದು ತಡೆಯಬಹುದು ಅಂತ ಅವರಿಗೆ ಹೊಳೆಯಿತು. ಇವತ್ತು ಇಕೋಸ್ಪ್ರಿನ್ ಇಲ್ಲದ ಬೀರು ಕಡಿಮೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದರ ಜೊತೆ ಕ್ಲೋಪಿಡೋಗ್ರೆಲ್ ತರದ್ದು ಇನ್ನೊಂದು. ಇದನ್ನು ಮಧ್ಯದಲ್ಲಿ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. 2007ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು, ದಂತವೈದ್ಯರ ಸಂಘವನ್ನೂ ಸೇರಿಸಿಕೊಂಡು, ಹಲ್ಲಿನ ನೆಪಕ್ಕೆ ಇವನ್ನು ಅವಧಿಗೆ ಮುಂಚೆ ಬಿಡಿಸಬೇಡಿ ಎಂದು ಎಚ್ಚರಿಸಿದ್ದು ಇದಕ್ಕೇ.

ನಮ್ಮಲ್ಲಿ ಚಿತ್ರ ಸ್ವಲ್ಪ ಬೇರೆ. ಚಿಕ್ಕವಯಸ್ಸಿನ ಗಂಟಲುಬೇನೆಯಿಂದ ಶುರುವಾಗುವ ರುಮ್ಯಾಟಿಕ್ ಜ್ವರ ವಾಲ್ವ್ ಹಾಳುಮಾಡುತ್ತದೆ. ಹಾಗಾಗಿ ಲೋಹದ ವಾಲ್ವ್ ಹಾಕಿಸಿಕೊಂಡ ಸಣ್ಣ ವಯಸ್ಸಿನವರು ಇಲ್ಲಿ ಸಾಕಷ್ಟಿದ್ದಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ತಂಡ ಕಡಿಮೆ ಬೆಲೆಯ ವಾಲ್ವ್ ತಯಾರಿಸಿ, 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಜೋಡಿಸಿತು. ಅವರೇ ಮುಂದೆ ಮಣಿಪಾಲದಲ್ಲಿ ಕುಲಪತಿಯಾದರು. ಇಲ್ಲಿ ತುಂಬ ಜನ ನುಂಗುವುದು ವಾರ್ಫರಿನ್ ಅಲ್ಲ, ಅದರ ಸಂಬಂಧಿ ಅಸಿಟ್ರೋಮ್. ಲೋಹದ ವಾಲ್ವ್ ಇದ್ದವರು ಜೀವನಪೂರ್ತಿ ತಗೊಳ್ಳಬೇಕು. ಅವರಿಗೆ ನಾಲ್ಕೈದು ದಿನದ ರಜೆ ಬಲು ದುಬಾರಿ.

ಹಾಗಾದರೆ ಈಗ ಏನು ಮಾಡುತ್ತಾರೆ? ಸ್ಕಾಟ್ಲೆಂಡಿನ ದಂತವೈದ್ಯರ ಮಾರ್ಗಸೂಚಿ ಸ್ಪಷ್ಟವಾಗಿದೆ. ಐಎನ್‌ಆರ್ 4ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ನಿಲ್ಲಿಸದೆ ಹಲ್ಲು ಕೀಳಬಹುದು. ಪರೀಕ್ಷೆ 24 ಗಂಟೆಯೊಳಗಿನದ್ದಾಗಿರಬೇಕು. ಸಂಖ್ಯೆ ಸ್ಥಿರವಾಗಿರುವವರಿಗೆ 72 ಗಂಟೆ ಸಾಕು. ಹೋದ ತಿಂಗಳ ರಿಪೋರ್ಟ್ ಹಿಡಿದು ಬಂದರೆ ಪ್ರಯೋಜನವಿಲ್ಲ. ಬೆಳಿಗ್ಗೆಯೇ, ವಾರದ ಮೊದಲ ದಿನಗಳಲ್ಲೇ ಕೀಳಿಸುವುದು ಒಳ್ಳೆಯದು. ಶನಿವಾರ ಸಂಜೆ ಕಿತ್ತು, ರಾತ್ರಿ ರಕ್ತ ಶುರುವಾದರೆ ಕ್ಲಿನಿಕ್ ಬಾಗಿಲು ಹಾಕಿರುತ್ತದೆ ಅಲ್ವಾ? ತುಂಬ ಹಲ್ಲು ಕೀಳಬೇಕಿದ್ದರೆ ಒಂದೇ ಸಲಕ್ಕೆ ಮುಗಿಸದೆ ಕಂತಿನಲ್ಲಿ ಮಾಡುತ್ತಾರೆ. ಕಿತ್ತ ಗುಳಿಗೆ ಸ್ಪಂಜು ತುಂಬಿ ಹೊಲಿಗೆ ಹಾಕುತ್ತಾರೆ. ಕಚ್ಚಿ ಹಿಡಿಯಲು ಕೊಟ್ಟ ಹತ್ತಿಯನ್ನು ಅರ್ಧ ಗಂಟೆ ಬಿಡದೆ ಒತ್ತಿ ಹಿಡಿಯಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡುವುದು, ಉಗಿಯುವುದು, ಮುಕ್ಕಳಿಸುವುದು ಮಾಡಿದರೆ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

2010ರ ಆಸುಪಾಸಿನಲ್ಲಿ ಬಂದ ಹೊಸ ಮಾತ್ರೆಗಳಾದ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್‌ಗೆ ಐಎನ್‌ಆರ್ ನೋಡುವ ರೂಢಿಯಿಲ್ಲ. ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಇವನ್ನೂ ನಿಲ್ಲಿಸುವುದಿಲ್ಲ. ದೊಡ್ಡ ಸರ್ಜರಿಯಾದರೆ ಆ ಬೆಳಗಿನ ಡೋಸ್ ಬಿಡುವುದೋ ತಡಮಾಡುವುದೋ ಅಂತ ಡಾಕ್ಟರು ಹೇಳುತ್ತಾರೆ. ಐದು ದಿನದ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಕುರ್ಚಿಯಲ್ಲಿ ಎಲ್ಲ ಸರಿಹೋದ ಮೇಲೂ ಒಂದು ಕಂಟಕ ಉಳಿದಿರುತ್ತದೆ. ಅದು ಇರುವುದು ಔಷಧಿ ಚೀಟಿಯಲ್ಲಿ. ಹಲ್ಲಿನ ಸೋಂಕಿಗೆ ಸುಲಭವಾಗಿ ಬರೆಯುವ ಮೆಟ್ರೊನಿಡಜೋಲ್, ವಾರ್ಫರಿನ್ ದೇಹದಿಂದ ಹೊರಹೋಗುವುದನ್ನು ತಡೆದು ಐಎನ್‌ಆರ್ ಏರಿಸಿಬಿಡುತ್ತದೆ. ಬಾಯಿಯ ಫಂಗಸ್‌ಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಅಷ್ಟೇ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ, ಇವರಿಗೆ ಪ್ಯಾರಾಸಿಟಮಾಲೇ ಸಾಕು. ಹಲ್ಲುನೋವು ಅಂತ ಬಾಯಿಗೆ ಏನೂ ಹಾಕದೆ, ದಿನಾ ತಿನ್ನುತ್ತಿದ್ದ ಸೊಪ್ಪನ್ನೂ ಬಿಟ್ಟರೆ ಐಎನ್‌ಆರ್ ಇನ್ನೂ ಮೇಲೆ ಹೋಗುತ್ತದೆ. ಸೊಪ್ಪಿನಲ್ಲಿರುವುದು ವಿಟಮಿನ್ ಕೆ. ಹಾಗಾಗಿ ಅಸಿಟ್ರೋಮ್ ಅಥವಾ ವಾರ್ಫರಿನ್ ತಗೊಳ್ಳುವವರಿಗೆ ದಂತವೈದ್ಯರು ಇಂಥ ಆಂಟಿಬಯಾಟಿಕ್ ಬರೆದುಕೊಟ್ಟರೆ, ನಾಲ್ಕನೇ ದಿನದ ಹೊತ್ತಿಗೆ ಐಎನ್‌ಆರ್ ಇನ್ನೊಮ್ಮೆ ಮಾಡಿಸಬೇಕಾ ಅಂತ ಅಲ್ಲೇ ಕೇಳಿಕೊಂಡು ಬರಬೇಕು.