ಕಾಯಿಲೆ ನೋಡಿ ದುಡ್ಡು ಕೊಡೋದಾದರೆ ಕೇಸ್ ಪೇಪರ್ ಯಾರು ಬರೆಯೋದು?

ನವಿ ಮುಂಬೈನ ಐರೋಲಿ ಕಡೆಯ ಐಟಿ ಪಾರ್ಕ್‌ಗಳಲ್ಲಿ ಮೆಡಿಕಲ್ ಕೋಡಿಂಗ್ ಅನ್ನೋ ಕೆಲಸವಿದೆ. ಅಮೆರಿಕದ ಆಸ್ಪತ್ರೆಗಳ ಕೇಸ್ ಪೇಪರ್ ಓದಿ, ಅದರಲ್ಲಿರುವ ಪ್ರತಿ ಕಾಯಿಲೆಗೂ ಕೋಡ್ ಹಾಕಬೇಕು. ಡೊಂಬಿವಲಿ, ಠಾಣೆಯ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದರಲ್ಲಿದ್ದಾರೆ. ನಾನೂ ಕೆಲವು ವರ್ಷ ಅದನ್ನೇ ಮಾಡಿ, ಈಗ ಮುಂಬೈನ ಒಂದು ಆಸ್ಪತ್ರೆಯ ಕ್ಲೇಮ್ ವಿಭಾಗದಲ್ಲಿದ್ದೇನೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ದುಡ್ಡು ಕೊಡುವ ಲೆಕ್ಕದ ಪದ್ಧತಿ ಇಲ್ಲಿಗೂ ಬರುವ ಮಾತು ನಡೆದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪದ್ಧತಿಯ ಹೆಸರು ಡಿಆರ್‌ಜಿ, ಅಂದರೆ ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್. ಒಂದೇ ಥರದ ಕಾಯಿಲೆ, ಹೆಚ್ಚುಕಮ್ಮಿ ಒಂದೇ ಖರ್ಚು ಇರುವ ರೋಗಿಗಳನ್ನು ಒಂದು ಗುಂಪಿಗೆ ಹಾಕುವುದು, ಆ ಗುಂಪಿಗೆ ಇಷ್ಟು ಅಂತ ಮೊದಲೇ ದರ ಕಟ್ಟುವುದು. ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟರ್, ಜಾನ್ ಥಾಂಪ್ಸನ್ ಇದನ್ನು ರೂಪಿಸಿದರು. 1983ರ ಅಕ್ಟೋಬರ್‌ನಿಂದ ಅಮೆರಿಕ ಸರ್ಕಾರ ವೃದ್ಧರ ಮೆಡಿಕೇರ್ ಯೋಜನೆಗೆ ಇದನ್ನೇ ತಂದಿತು. ಅಲ್ಲಿಯವರೆಗೆ ಆಸ್ಪತ್ರೆ ಎಷ್ಟು ಖರ್ಚು ತೋರಿಸಿದರೆ ಅಷ್ಟು ಕೊಡುತ್ತಿದ್ದರು. ಜಾಸ್ತಿ ದಿನ ಇಟ್ಟುಕೊಂಡರೆ ಜಾಸ್ತಿ ದುಡ್ಡು. ಹೊಸ ಲೆಕ್ಕದಲ್ಲಿ ಅದು ತಲೆಕೆಳಗಾಯಿತು. ಐದು ದಿನ ಇಟ್ಟರೂ ಅಷ್ಟೇ, ಮೂರು ದಿನ ಇಟ್ಟರೂ ಅಷ್ಟೇ.

ಒಂದು ಫೈಲ್ ನೋಡೋಣ. ನ್ಯುಮೋನಿಯಾ ಆಗಿ ಅಡ್ಮಿಟ್ ಆದ ಒಬ್ಬ ಅಜ್ಜ. ಜೊತೆಗೆ ಲೆಕ್ಕಕ್ಕೆ ಬರುವ ಬೇರೆ ತೊಂದರೆ ಇಲ್ಲದಿದ್ದರೆ ಗುಂಪು 195. ಸಣ್ಣ ತೊಡಕಿದ್ದರೆ 194. ಉಸಿರಾಟವೇ ಕೈಕೊಟ್ಟಿದ್ದರೆ, ಅಂದರೆ ಅಕ್ಯೂಟ್ ರೆಸ್ಪಿರೇಟರಿ ಫೇಲ್ಯೂರ್ ಇದ್ದರೆ, 193. ಕೊನೆಯದಕ್ಕೆ ಸಿಗುವ ದುಡ್ಡು ಮೊದಲನೆಯದರ ಸುಮಾರು ಎರಡರಷ್ಟು. ಅದೇ ಅಜ್ಜನಿಗೆ ಸೆಪ್ಸಿಸ್, ಅಂದರೆ ಸೋಂಕಿನಿಂದ ಇಡೀ ದೇಹವೇ ಹದಗೆಡುವ ಸ್ಥಿತಿ, ಇತ್ತು ಅಂತ ಡಾಕ್ಟರ್ ಬರೆದರೆ ಕೇಸು 871ಕ್ಕೆ ಹೋಗುತ್ತದೆ. ಅದಕ್ಕೆ ಇನ್ನೂ ಜಾಸ್ತಿ.

ಈಗ ಚಾರ್ಟ್‌ನಲ್ಲಿ ರಕ್ತದ ಆಕ್ಸಿಜನ್ 84, ಅಂದರೆ ತುಂಬಾ ಕಡಿಮೆ, ಅಂತ ನರ್ಸ್ ಬರೆದಿದ್ದಾರೆ, ಮಾಸ್ಕ್ ಹಾಕಿದ್ದಾರೆ. ಆದರೆ ಡಾಕ್ಟರ್ ನೋಟ್‌ನಲ್ಲಿ 'ಉಸಿರಾಟದ ತೊಂದರೆ' ಅಂತಷ್ಟೇ ಇದೆ. ಕೋಡರ್ ತಾನೇ ಊಹೆ ಮಾಡಿ ಫೇಲ್ಯೂರ್ ಅಂತ ಕೋಡ್ ಹಾಕುವ ಹಾಗಿಲ್ಲ. ಡಾಕ್ಟರಿಗೆ ಪ್ರಶ್ನೆ ಕಳಿಸಬೇಕು. 'ಫೇಲ್ಯೂರ್ ಅಂತ ಬರೆಯಿರಿ' ಅನ್ನುವಂತಿಲ್ಲ. ಚಾರ್ಟ್‌ನಲ್ಲಿ ಹೀಗಿದೆ, ನಿಮ್ಮ ಅಭಿಪ್ರಾಯವೇನು ಅಂತ ಕೇಳಬೇಕು. ಈ ಒಂದು ಪ್ರಶ್ನೆಯ ಸುತ್ತ ಅಮೆರಿಕದಲ್ಲಿ ದೊಡ್ಡ ಉದ್ಯೋಗವೇ ಬೆಳೆದಿದೆ. ನಿಜವಾಗಿ ಇದ್ದ ಕಾಯಿಲೆ ದಾಖಲಾದರೆ ಒಳ್ಳೆಯದೇ. ಇಲ್ಲದ್ದನ್ನು ಬರೆಸಿದರೆ ಅದು ಅಪ್‌ಕೋಡಿಂಗ್, ಅಂದರೆ ಮೋಸ. ಎರಡರ ನಡುವಿನ ಗೆರೆ ತುಂಬಾ ತೆಳು, ಆಡಿಟ್ ಇಲ್ಲದಿದ್ದರೆ ಕಾಣುವುದೇ ಇಲ್ಲ.

ಇಡೀ ದೇಶದ ಮಟ್ಟದಲ್ಲಿ ಏನಾಯಿತು? ಅಮೆರಿಕದಲ್ಲಿ ವೃದ್ಧರು ಆಸ್ಪತ್ರೆಯಲ್ಲಿರುವ ದಿನಗಳು ಕಡಿಮೆಯಾದವು. ಸಾವು ಹೆಚ್ಚಲಿಲ್ಲ. ಆದರೆ ಪೂರ್ತಿ ಸುಧಾರಿಸುವ ಮೊದಲೇ ಮನೆಗೆ ಹೋದವರ ಪ್ರಮಾಣ ಹೆಚ್ಚಿತು ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ತುಂಬಾ ತಡವಾಗಿ, 2012ರಲ್ಲಿ, ಡಿಸ್ಚಾರ್ಜ್ ಆದವರು 30 ದಿನದೊಳಗೆ ಲೆಕ್ಕ ಮೀರಿ ವಾಪಸ್ ಬಂದರೆ ಆಸ್ಪತ್ರೆಗೆ ದಂಡ ಅನ್ನುವ ನಿಯಮ ಬಂತು. ಜರ್ಮನಿಯಲ್ಲಿ ಇನ್ನೊಂದು ಥರ. ಅಲ್ಲಿ 2003-04ರಲ್ಲಿ ಡಿಆರ್‌ಜಿ ಬಂದ ಮೇಲೆ ಆಸ್ಪತ್ರೆಗಳು ಖರ್ಚು ಉಳಿಸಲು ನರ್ಸ್‌ಗಳ ಮೇಲೇ ಕೈ ಹಾಕಿದವು. ಕಡೆಗೆ 2020ರಲ್ಲಿ ವಾರ್ಡ್ ನರ್ಸ್‌ಗಳ ಖರ್ಚನ್ನು ಈ ದರದಿಂದ ಹೊರಗಿಟ್ಟು ಬೇರೆಯಾಗಿ ಕೊಡಲು ಶುರುಮಾಡಿದರು. ಥೈಲ್ಯಾಂಡ್ ಜಾಣತನ ಮಾಡಿತು. 2002ರ ಸಾರ್ವತ್ರಿಕ ಆರೋಗ್ಯ ಯೋಜನೆಯಲ್ಲಿ ಡಿಆರ್‌ಜಿ ಇದೆ, ಅದರ ಮೇಲೆ ಒಟ್ಟು ಬಜೆಟ್‌ನ ಮಿತಿಯೂ ಇದೆ. ಹಾಗಾಗಿ ಆಸ್ಪತ್ರೆಗಳು ಸುಮ್ನೆ ಅಡ್ಮಿಷನ್ ಹೆಚ್ಚಿಸಿದರೆ ಸರ್ಕಾರದ ಖರ್ಚು ಕೈಮೀರುವುದಿಲ್ಲ.

ನಮ್ಮಲ್ಲಿರುವುದು ಪ್ಯಾಕೇಜ್. 2018ರಲ್ಲಿ ಬಂದ ಆಯುಷ್ಮಾನ್ ಭಾರತ್‌ನಲ್ಲೂ, ಮಹಾರಾಷ್ಟ್ರದ ಮಹಾತ್ಮ ಜ್ಯೋತಿಬಾ ಫುಲೆ ಯೋಜನೆಯಲ್ಲೂ ಆಪರೇಷನ್‌ಗೆ ಒಂದು ಇಡಿಗಂಟು ದರ. ಮಾಟುಂಗಾದ ಉಡುಪಿ ಹೋಟೆಲಿನ ಊಟದ ಹಾಗೆ, ತಿನ್ನುವವರ ಹೊಟ್ಟೆ ಎಷ್ಟು ದೊಡ್ಡದು ಅಂತ ನೋಡುವುದಿಲ್ಲ. ಆದರೆ ಆಸ್ಪತ್ರೆ ನೋಡುತ್ತದೆ! ಮೂವತ್ತರ ಆರೋಗ್ಯವಂತನ ಗಾಲ್‌ಬ್ಲ್ಯಾಡರ್ ಆಪರೇಷನ್ನಿಗೂ, ಹೋಟೆಲ್ ಗಲ್ಲಾದಲ್ಲಿ ನಲವತ್ತು ವರ್ಷ ಕೂತು ಶುಗರ್, ಕಿಡ್ನಿ ಎರಡೂ ಕೆಡಿಸಿಕೊಂಡ ಹಿರಿಯರ ಆಪರೇಷನ್ನಿಗೂ ಪ್ಯಾಕೇಜ್ ಒಂದೇ ಆದರೆ, ಎರಡನೆಯವರಿಗೆ 'ಬೆಡ್ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ' ಅನ್ನುವ ಉತ್ತರ ಸಿಗುವುದು ಆಶ್ಚರ್ಯವಲ್ಲ. ನಮ್ಮ ಕೌಂಟರಿಗೆ ಹಾಗೆ ಅಲೆದು ಬರುವವರನ್ನು ನೋಡಿದ್ದೇನೆ. ಡಿಆರ್‌ಜಿಯ ಪರವಾಗಿ ನನಗಿರುವ ದೊಡ್ಡ ವಾದ ಇದೇ. ಅದು ಶುಗರ್, ಕಿಡ್ನಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಷ್ಟದ ರೋಗಿಗೆ ಜಾಸ್ತಿ ಕೊಡುತ್ತದೆ. ಖರ್ಚು ಉಳಿಯುತ್ತದೆ ಅನ್ನುವ ವಾದ ನನಗೆ ಅಷ್ಟೇನೂ ರುಚಿಸುವುದಿಲ್ಲ.

2022ರಲ್ಲಿ ಆಯುಷ್ಮಾನ್ ಭಾರತ್ ನಡೆಸುವ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಡಿಆರ್‌ಜಿ ಪ್ರಯೋಗಕ್ಕೆ ಐದು ರಾಜ್ಯಗಳನ್ನು ಆರಿಸಿತು. ಮಹಾರಾಷ್ಟ್ರವೂ ಅದರಲ್ಲಿ ಒಂದು. ಸರಿ, ಆದರೆ ಶುಗರ್, ಕಿಡ್ನಿ ಲೆಕ್ಕಕ್ಕೆ ಬರಬೇಕಾದರೆ ಯಾರಾದರೂ ಅದನ್ನು ಬರೆದಿರಬೇಕಲ್ವಾ? ನನ್ನ ಟೇಬಲ್ಲಿಗೆ ಬರುವ ಎಷ್ಟೋ ಡಿಸ್ಚಾರ್ಜ್ ಕಾರ್ಡ್‌ಗಳಲ್ಲಿ 'ಜ್ವರ, ಪ್ಲೇಟ್‌ಲೆಟ್ ಕಡಿಮೆ' ಅಂತಷ್ಟೇ ಇರುತ್ತದೆ. ಅದು ಲಕ್ಷಣ, ಕಾಯಿಲೆಯ ಹೆಸರಲ್ಲ. ಶುಗರ್ ಇರುವುದು ಔಷಧಿ ಪಟ್ಟಿಯಲ್ಲಿ ಇನ್ಸುಲಿನ್ ನೋಡಿದ ಮೇಲೆ ಗೊತ್ತಾಗುತ್ತದೆ. ಕಾರ್ಡ್ ಬರೆಯುವವರು ರಾತ್ರಿ ಡ್ಯೂಟಿ ಮುಗಿಸಿದ ರೆಸಿಡೆಂಟ್ ಡಾಕ್ಟರ್, ಅವರನ್ನು ಬೈದು ಪ್ರಯೋಜನವಿಲ್ಲ. ಆಯುಷ್ಮಾನ್ ಭಾರತ್ ಬಗ್ಗೆ 2023ರಲ್ಲಿ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿಯಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ನಂಬರಿಗೆ ಜೋಡಿಸಿದ್ದು ಬಯಲಾಯಿತು. ಫೋನ್ ನಂಬರಿನ ಪಾಡೇ ಇದಾದರೆ, ಕಿಡ್ನಿ ಕಾಯಿಲೆ ಯಾವ ಹಂತದಲ್ಲಿದೆ ಅಂತ ಸರಿಯಾಗಿ ಬರೆಯುವುದು ಎಷ್ಟು ದೂರದ ಮಾತು, ನೀವೇ ಯೋಚಿಸಿ.

ವಿಪರ್ಯಾಸ ಅಂದರೆ, ಈ ಕೆಲಸ ಚೆನ್ನಾಗಿ ಗೊತ್ತಿರುವ ಜನ ಐರೋಲಿಯಲ್ಲೇ ಕೂತಿದ್ದಾರೆ, ಬೇರೆ ದೇಶದ ಫೈಲ್ ಓದುತ್ತಾ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೋಡರ್ ಹುದ್ದೆ ಸೃಷ್ಟಿಸಿ, ಸರಿಯಾದ ಸಂಬಳ ಕೊಟ್ಟರೆ ಅವರಲ್ಲಿ ಕೆಲವರಾದರೂ ಬಂದಾರು. ದರ ಕಟ್ಟುವ ಸಮಿತಿಗಿಂತ ಮೊದಲು ಆಗಬೇಕಾದ್ದು ಇದು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ಮನೆಯವರನ್ನು ಡಿಸ್ಚಾರ್ಜ್ ಮಾಡಿಸುವಾಗ ಬಿಲ್ ನೋಡುವಷ್ಟೇ ಗಮನ ಕೊಟ್ಟು ಡಿಸ್ಚಾರ್ಜ್ ಕಾರ್ಡ್ ಓದಿ. ಶುಗರ್, ಬಿಪಿ, ಹಳೆಯ ಹಾರ್ಟ್ ತೊಂದರೆ ಇದ್ದರೆ, ಡಯಾಗ್ನೋಸಿಸ್ ಅನ್ನುವ ಜಾಗದಲ್ಲಿ ಅವೂ ಇವೆಯಾ ಅಂತ ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮೊದಲೇ ಡಾಕ್ಟರನ್ನು ಕೇಳಿ. ಮನೆಗೆ ಹೋದ ಮೇಲೆ ಅದನ್ನು ತಿದ್ದಿಸಲು ನಮ್ಮ ಕೌಂಟರಿಗೆ ಬಂದರೆ, ಡಾಕ್ಟರ್ ಒಪಿಡಿ ದಿನಕ್ಕೆ ಕಾಯಬೇಕಾಗುತ್ತದೆ.