"ತೀರಿತು" ಎಂದ ಮೇಲೆ: ಧರ್ಮಶಾಸ್ತ್ರವನ್ನೂ ಸುವಾರ್ತೆಯನ್ನೂ ಬಿಡಿಸಿ ಓದುವುದು

ಹುಮನಾಬಾದ್ ಕಡೆಯ ಹಳ್ಳಿಯೊಂದರ ಪ್ರಾರ್ಥನಾ ಕೂಟದಲ್ಲಿ ಕೇಳಿದ ಒಂದು ಮಾತು ನನ್ನನ್ನು ಈ ಪಾಠಕ್ಕೆ ಕೂರಿಸಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಅಜ್ಜಿಗೆ ಬೋಧಕರೊಬ್ಬರು, "ಅಮ್ಮಾ, ನಿಮ್ಮ ನಂಬಿಕೆ ಇನ್ನೂ ಗಟ್ಟಿಯಾಗಬೇಕು, ಅದಕ್ಕೇ ಗುಣವಾಗಿಲ್ಲ" ಎಂದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆಗೆ ಹೊರಳಿದರು. ತಾವು ಸುವಾರ್ತೆ, ಅಂದರೆ ಕ್ರಿಸ್ತನ ಶುಭಸಂದೇಶ, ಹೇಳಿದೆವೆಂದೇ ಬೋಧಕರು ನಂಬಿದ್ದರು. ಅಜ್ಜಿಯ ಎದೆಯ ಮೇಲೆ ಬಿದ್ದದ್ದು ಮಾತ್ರ ಧರ್ಮಶಾಸ್ತ್ರ, ಅಂದರೆ ಬೈಬಲಿನ ಆಜ್ಞೆಯ ಮಾತು. ಅವರು ಹಾಗೆ ಗೋಡೆಗೆ ಮುಖ ಮಾಡಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಎರಡನ್ನೂ ಗುರುತಿಸಲು ವ್ಯಾಕರಣವೇ ಒಳ್ಳೆಯ ಸಹಾಯ. ಧರ್ಮಶಾಸ್ತ್ರದ ಕ್ರಿಯಾಪದಗಳು "ಮಾಡು", "ಮಾಡಬೇಡ", "ಮಾಡಿದರೆ ಬದುಕುವೆ" ಎನ್ನುತ್ತವೆ, ಮಾಡಬೇಕಾದವನು ನಾನು. ಸುವಾರ್ತೆಯ ಕ್ರಿಯಾಪದಗಳು ಹೆಚ್ಚಾಗಿ ಭೂತಕಾಲದವು: ಕ್ರಿಸ್ತನು ಸತ್ತನು, ಎದ್ದನು, ಸಾಲವನ್ನು ಹೊತ್ತನು. ಅಲ್ಲಿ ಮಾಡಿದವನು ಆತ. ಶಿಲುಬೆಯ ಮೇಲಿನ ಕಡೆಯ ಮಾತುಗಳಲ್ಲಿ ಒಂದು ನಮ್ಮ ಕನ್ನಡ ಬೈಬಲಿನಲ್ಲಿ "ತೀರಿತು" ಎಂದಿದೆ (ಯೋಹಾನ 19:30). ಕನ್ನಡದ ಕಿವಿಗೆ ಈ ಪದ ಎರಡು ಅರ್ಥ ಕೊಡುತ್ತದೆ. ಕೆಲಸವೂ ತೀರುತ್ತದೆ, ಸಾಲವೂ ತೀರುತ್ತದೆ. ತೊಗರಿ ಬೆಳೆದು ಸಾಲ ಕಟ್ಟುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಸಾಲ ತೀರಿತೆಂದು ಬರೆದ ಮೇಲೆ ಮುಂದಿನ ಕಂತು ಎಷ್ಟೆಂದು ಯಾರೂ ಕೇಳುವುದಿಲ್ಲ.

ನಾವೆಲ್ಲ ಮೊದಲು ಎಡವುವುದು ಇಲ್ಲಿ: ಹಳೆಯ ಒಡಂಬಡಿಕೆ ಎಂದರೆ ಧರ್ಮಶಾಸ್ತ್ರ, ಹೊಸದೆಂದರೆ ಸುವಾರ್ತೆ ಎಂದು ಪುಸ್ತಕವನ್ನೇ ಇಬ್ಭಾಗ ಮಾಡುತ್ತೇವೆ. ಇದು ತಪ್ಪು. ಅಬ್ರಹಾಮನು ನಂಬಿದನು, ದೇವರು ಅದನ್ನು ನೀತಿಯೆಂದು ಎಣಿಸಿದನು ಎಂಬ ಸುವಾರ್ತೆ ಇರುವುದು ಆದಿಕಾಂಡ 15ರಲ್ಲಿ. ತಮ್ಮನ ಮೇಲೆ ಸಿಟ್ಟಾದವನೂ ನ್ಯಾಯತೀರ್ಪಿಗೆ ಗುರಿ ಎಂಬ ಕಟು ಧರ್ಮಶಾಸ್ತ್ರ ಇರುವುದು ಮತ್ತಾಯ 5ರಲ್ಲಿ, ಯೇಸುವಿನ ಬಾಯಿಂದಲೇ. ಹತ್ತು ಆಜ್ಞೆಗಳು ಕೂಡ ಆಜ್ಞೆಯಿಂದ ಆರಂಭವಾಗುವುದಿಲ್ಲ. ದಾಸತ್ವದಿಂದ ನಿನ್ನನ್ನು ಬಿಡಿಸಿದ ದೇವರು ನಾನೇ ಎಂಬ ಮಾತು ಮೊದಲು (ವಿಮೋಚನಕಾಂಡ 20:2), ಬೇಡಗಳೆಲ್ಲ ಆಮೇಲೆ.

ಎರಡೂ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆಂದು ನೋಡಲು 2 ಸಮುವೇಲ 12 ಓದಿ. ಊರೀಯನ ಹೆಂಡತಿಯನ್ನು ಕಸಿದು, ಅವನನ್ನು ಕೊಲ್ಲಿಸಿದ ದಾವೀದ ಸುಖವಾಗಿ ಕುಳಿತಿದ್ದಾನೆ. ಪ್ರವಾದಿ ನಾತಾನ ಬಡವನ ಒಂದೇ ಕುರಿಮರಿಯ ಕಥೆ ಹೇಳುತ್ತಾನೆ. ಮರಿ ಅವನ ತುತ್ತನ್ನೇ ತಿಂದು ಅವನ ಎದೆಯ ಮೇಲೆಯೇ ಮಲಗುತ್ತಿತ್ತು. ಶ್ರೀಮಂತ ಅದನ್ನೇ ಹಿಡಿದು ಅತಿಥಿಗೆ ಅಡುಗೆ ಮಾಡಿಸಿದ. ದಾವೀದ ಕೆರಳಿ ತೀರ್ಪು ಕೊಟ್ಟೊಡನೆ ನಾತಾನನ ಉತ್ತರ: ಆ ಮನುಷ್ಯನು ನೀನೇ. ಇದು ಧರ್ಮಶಾಸ್ತ್ರ, ಒಂದಿಷ್ಟೂ ಮೆತ್ತಗೆ ಮಾಡಿದ್ದಲ್ಲ. ಪಾಪ ಮಾಡಿದೆನೆಂದು ದಾವೀದ ಒಪ್ಪಿದ ಮರುಕ್ಷಣ ನಾತಾನನ ಭಾಷೆ ಬದಲಾಗುತ್ತದೆ: ದೇವರು ನಿನ್ನ ಪಾಪವನ್ನು ಪರಿಹರಿಸಿದ್ದಾನೆ, ನೀನು ಸಾಯುವುದಿಲ್ಲ. ನಡುವೆ ಯಾವ ಶರತ್ತೂ ಇಲ್ಲ. ಮಾಡಿದ್ದರ ಪರಿಣಾಮಗಳು ಅವನ ಮನೆಯಲ್ಲಿ ಉಳಿದವು, ಅದೂ ನಿಜ. ಕ್ಷಮೆ ಮಾತ್ರ ಅವುಗಳಿಗಾಗಿ ಕಾಯಲಿಲ್ಲ.

ನಮ್ಮೂರಿನವರಿಗೆ ಬಿದರಿ ಕೆಲಸದ ಹೋಲಿಕೆ ಬೇಗ ಹತ್ತುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಹೂಜಿಯನ್ನು ಉಜ್ಜಿ ನಯಗೊಳಿಸಿದ ಮೇಲೆ ಅದಕ್ಕೆ ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸುತ್ತಾರೆ. ಆಗ ಗೀರಿದ ಗೆರೆ ಕಣ್ಣಿಗೆ ಕಾಣುತ್ತದೆ. ಆಮೇಲೆ ಚಾಣದಿಂದ ಗೆರೆಯನ್ನು ಕೊರೆಯುತ್ತಾರೆ. ಎಷ್ಟು ಆಳವಾಗಿ ಕೊರೆದರೂ ಆ ಲೋಹದೊಳಗಿಂದ ಬೆಳ್ಳಿ ಹುಟ್ಟುವುದಿಲ್ಲ. ಬೆಳ್ಳಿಯ ತಂತಿ ಹೊರಗಿನಿಂದಲೇ ಬರಬೇಕು. ಧರ್ಮಶಾಸ್ತ್ರ ಕೊರೆಯುತ್ತದೆ, ಸುವಾರ್ತೆ ತುಂಬುತ್ತದೆ. ಕೊರೆದು ಹಾಗೆಯೇ ಬಿಟ್ಟ ಹೂಜಿಯನ್ನು ಯಾವ ಕುಶಲಕರ್ಮಿಯೂ ಮುಗಿದ ಕೆಲಸ ಎನ್ನುವುದಿಲ್ಲ. ಎಷ್ಟೋ ಪ್ರಸಂಗಗಳು ಮಾತ್ರ ಅಷ್ಟಕ್ಕೇ ಮುಗಿಯುತ್ತವೆ.

ಇತಿಹಾಸ ಚುಟುಕಾಗಿ. ಈ ಭೇದವನ್ನು ಸರಿಯಾಗಿ ಬಲ್ಲವನೇ ನಿಜವಾದ ದೇವತಾಶಾಸ್ತ್ರಜ್ಞ ಎಂದವನು ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್, ಪೌಲನ ಗಲಾತ್ಯ ಪತ್ರಿಕೆಗೆ ಬರೆದ 1535ರ ವ್ಯಾಖ್ಯಾನದಲ್ಲಿ. 1577ರಲ್ಲಿ ಲೂಥರನ್ ಸಭೆಗಳು ತಮ್ಮ ನಂಬಿಕೆಯ ಒಪ್ಪಂದದಲ್ಲಿ ಇದಕ್ಕೆ ಪ್ರತ್ಯೇಕ ವಿಧಿಯನ್ನೇ ಕೊಟ್ಟವು. ಧರ್ಮಶಾಸ್ತ್ರಕ್ಕೆ ಮೂರು ಉಪಯೋಗ ಹೇಳುವುದುಂಟು: ಕೇಡಿಗೆ ಕಡಿವಾಣ, ಪಾಪ ತೋರುವ ಕನ್ನಡಿ, ನಂಬಿದವನಿಗೆ ದಾರಿ ತೋರುವ ದೀಪ. ಲೂಥರ್ ಕನ್ನಡಿಗೆ ಒತ್ತು ಕೊಟ್ಟ, ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ದೀಪಕ್ಕೆ. ಪರೀಕ್ಷೆಗೆ ಇಷ್ಟು ಸಾಕು.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. 1884-85ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಲೂಥರನ್ ಬೋಧಕ ಸಿ.ಎಫ್.ಡಬ್ಲ್ಯು. ವಾಲ್ಥರ್ ತನ್ನ ವಿದ್ಯಾರ್ಥಿಗಳಿಗೆ ಇದೇ ವಿಷಯದ ಮೇಲೆ 25 ಸೂತ್ರಗಳನ್ನು ವಿವರಿಸಿದ. ಈಗಾಗಲೇ ಪಾಪಭಯದಿಂದ ನಡುಗುತ್ತಿರುವವನಿಗೆ ಧರ್ಮಶಾಸ್ತ್ರ ಹೇಳುವುದು, ಪಾಪದಲ್ಲಿ ನಿಶ್ಚಿಂತನಾಗಿರುವವನಿಗೆ ಸುವಾರ್ತೆ ಹೇಳುವುದು, ಎರಡೂ ತಪ್ಪು ಎಂಬುದು ಅದರಲ್ಲಿ ಒಂದು. ನಂಬಿಕೆಯನ್ನೇ ರಕ್ಷಣೆಯ ಶರತ್ತಾಗಿ ಮಾಡಬಾರದು ಎಂಬುದು ಇನ್ನೊಂದು. ನಂಬಿಕೆ ಎಂದರೆ ಚಾಚಿದ ಬರಿಗೈ. ಕೈಯ ಬಲವನ್ನು ಅಳೆಯಲು ಹೊರಟರೆ ಅದೂ ಒಂದು ಕ್ರಿಯೆಯಾಗಿ, ಹತ್ತು ಆಜ್ಞೆಗಳ ಜೊತೆ ಹನ್ನೊಂದನೆಯದಾಗಿ ಕುಳಿತುಬಿಡುತ್ತದೆ. ಅಜ್ಜಿಗೆ ಆದದ್ದು ಅದೇ.

ಬೀದರ್ ಕಡೆ ಮೆಥೊಡಿಸ್ಟ್ ಸಭೆಗಳೇ ಹೆಚ್ಚಾದ್ದರಿಂದ ಆ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಮಾತನ್ನೂ ಸೇರಿಸಬೇಕು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗಲೇ ಅವನ ಹೃದಯ ಬೆಚ್ಚಗಾದದ್ದು. ಆದರೂ ಅವನು ಎರಡನ್ನೂ ಎದುರಾಳಿಗಳೆಂದು ಕಾಣಲಿಲ್ಲ. ನಿನ್ನ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು ಎಂಬ ಮಾತು ಆಜ್ಞೆಯಾಗಿ ಕೇಳಿದರೆ ಧರ್ಮಶಾಸ್ತ್ರ, ವಾಗ್ದಾನವಾಗಿ ಕೇಳಿದರೆ ಸುವಾರ್ತೆ ಎಂದ. "ಪ್ರೀತಿಸುವೆ" ಎಂದು ಓದಿಕೊಳ್ಳಿ, ಅವನ ಆಶಯ ತಿಳಿಯುತ್ತದೆ. ನನಗೆ ಇದು ತುಂಬ ಪ್ರಿಯವಾದ ಮಾತು. ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಮಾತ್ರ ನಾನು ಲೂಥರನ ಕಡೆ: ಅಲ್ಲಿ ಮೊದಲು "ತೀರಿತು" ಎನ್ನಬೇಕು.

ಮುಂದಿನ ವಾರಕ್ಕೆ ಗಲಾತ್ಯ 3ನ್ನು ಪೆನ್ಸಿಲ್ ಹಿಡಿದು ಓದಿ ಬನ್ನಿ. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಮಾಡುವವನು ನಾನೋ ಆತನೋ ಎಂದು ಅಂಚಿನಲ್ಲಿ ಬರೆಯಿರಿ. 24ನೆಯ ವಚನದ ಕಾಯುವ ಆಳಿನ ಬಳಿ ಸ್ವಲ್ಪ ನಿಲ್ಲಿ; ಗ್ರೀಕರ ಮನೆಗಳಲ್ಲಿ ಹುಡುಗನನ್ನು ಕೈಹಿಡಿದು ಪಾಠಶಾಲೆಗೆ ಬಿಟ್ಟುಬರುತ್ತಿದ್ದ ದಾಸ ಅವನು.