ಹಳೇ ಬಂದೂಕು ಯಾರ ಕೈಗೆ ಹೋಯ್ತು, ಗುಂಡು ಎಲ್ಲಿತ್ತು?

ಪೊಲೀಸ್ ಇಲಾಖೇಲಿ ಆಯುಧ ಇಡೋ ರೂಮಿಗೆ ಕೋತ್ ಅಂತೀವಿ, ಅಲ್ಲಿ ಆರ್ಮರರ್, ಅಂದ್ರೆ ಬಂದೂಕು ನೋಡ್ಕೊಂಡು ರಿಪೇರಿ ಮಾಡೋ ಕೆಲಸ ಮಾಡೋನು ನಾನು. ಜನ ಸಾಮಾನ್ಯವಾಗಿ ಕೇಳೋದು ಬ್ರಿಟಿಷರ ಕಾಲದ ಬಂದೂಕು ಈಗಲೂ ಫೈರ್ ಆಗುತ್ತಾ ಅಂತ. ಬ್ಯಾರಲ್ ಒಳಗೆ ಪುಲ್‌ಥ್ರೂ ಅನ್ನೋ ಒರೆಸೋ ಹಗ್ಗ ಎಳೆದು, ಎಣ್ಣೆ ಸವರಿ, ತೇವ ತಾಗದ ಹಾಗೆ ಇಟ್ಟಿದ್ರೆ ಖಂಡಿತ ಆಗುತ್ತೆ. ಆದ್ರೆ ಅದಕ್ಕಿಂತ ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಸೈನ್ಯ ಬಳಸಿ ಬಿಟ್ಟ ಬಂದೂಕನ್ನ ಬ್ರಿಟಿಷರು ಇಲ್ಲಿ ಯಾರಿಗೆ ಕೊಟ್ರು, ಕೊಡೋ ಮುಂಚೆ ಅದಕ್ಕೇನು ಮಾಡಿದ್ರು, ಅದರ ಗುಂಡು ಎಲ್ಲಿಟ್ರು.

ಪಾಯಿಂಟ್ 410 ಮಸ್ಕೆಟ್ ಅಂತ ಒಂದಿದೆ. ಗೋಡೆಗೆ ಒರಗಿಸಿಟ್ರೆ ಪಕ್ಕಾ ಸೈನ್ಯದ ತ್ರೀ ನಾಟ್ ತ್ರೀ (.303) ರೈಫಲ್ಲೇ, ಅದೇ ಬೋಲ್ಟು, ಅದೇ ಮರ, ಅದೇ ಮೊಂಡ ಮೂತಿ. ಬೋಲ್ಟ್ ತೆಗೆದು ಬ್ಯಾರಲ್ಲನ್ನ ಬೆಳಕಿಗೆ ಹಿಡಿದು ನೋಡಿದ್ರೆ ಗೊತ್ತಾಗುತ್ತೆ. ರೈಫಲ್ ಆಗಿದ್ರೆ ಒಳಗೆ ತಿರುಚಿಕೊಂಡು ಹೋಗೋ ಗೀರು ಕಾಣ್ಬೇಕು, ಗುಂಡಿಗೆ ತಿರುಗೋ ಬಲ ಕೊಟ್ಟು ದೂರಕ್ಕೆ ನೇರವಾಗಿ ಕಳಿಸೋದು ಅದೇ. ಇಲ್ಲಿ ಗೀರೇ ಇಲ್ಲ, ಬರೀ ನುಣ್ಣನೆ ಕೊಳವೆ. ಮ್ಯಾಗಜೀನ್ ಇರಬೇಕಾದ ಜಾಗದಲ್ಲಿ ಮರದ ತುಂಡು ಕೂರಿಸಿದಾರೆ, ಹತ್ತು ಗುಂಡು ಹಿಡಿಯೋ ಬಂದೂಕು ಒಂದೊಂದೇ ತುಂಬಿ ಹೊಡೆಯೋ ಹಾಗಾಯ್ತು. ಬಂಗಾಳದ ಇಶಾಪುರ ಕಾರ್ಖಾನೇಲಿ ಸೈನ್ಯದ ರೈಫಲ್‌ಗಳನ್ನ ಹೀಗೆ ಬದಲಾಯಿಸಿ ಪೊಲೀಸ್, ಜೈಲು ಕಾವಲಿನವರಿಗೆ ಕೊಡ್ತಿದ್ರು. ಗುಂಡಿನ ವಿಷ್ಯದಲ್ಲಂತೂ ಇನ್ನೂ ಎಚ್ಚರ, ತ್ರೀ ನಾಟ್ ತ್ರೀ ಗುಂಡಿನ ಕೇಸಿನ (ಮದ್ದು ತುಂಬೋ ಹಿತ್ತಾಳೆ ಚಿಪ್ಪಿನ) ಕತ್ತು ಕಿರಿದು ಮಾಡದೆ ನೇರವಾಗೇ ಬಿಟ್ಟು ಬೇರೆ ಗುಂಡು ಮಾಡಿದ್ರು. ಇದರ ಗುಂಡು ಸೈನ್ಯದ ರೈಫಲ್‌ಗೆ ಹೋಗಲ್ಲ, ಸೈನ್ಯದ ಗುಂಡು ಈ ಅಗಲದ ಬ್ಯಾರಲ್ಲಲ್ಲಿ ಹಿಡಿತ ಸಿಗದೆ ಕೆಲಸಕ್ಕೆ ಬರಲ್ಲ, ಅಂಗಡೀಲಿ ಸಿಗೋ ಶಿಕಾರಿ 410 ತೋಟಾನೂ ಇದರಲ್ಲಿ ಕೂರಲ್ಲ.

ಇಷ್ಟೆಲ್ಲ ಯಾಕೆ ಅಂದ್ರೆ 1857ರ ಸಿಪಾಯಿ ದಂಗೆ. ಅದಾದ ಮೇಲೆ ಅವರ ಲೆಕ್ಕಾಚಾರ ಪೂರ್ತಿ ಬದಲಾಯ್ತು, ಎನ್‌ಫೀಲ್ಡ್ ರೈಫಲ್ಲಿನ ಗೀರು ತೆಗೆದ ಮಾದರಿಯನ್ನ ಭಾರತೀಯ ಸಿಪಾಯಿಗಳಿಗೆ ಅಂತಾನೇ ಮಾಡಿಸಿದ್ರು, ಫಿರಂಗಿಗಳನ್ನ ಹೆಚ್ಚುಕಮ್ಮಿ ಪೂರ್ತಿ ಬಿಳಿಯರ ಕೈಗೆ ತಗೊಂಡ್ರು, ಬ್ರಿಟಿಷ್ ಸೋಲ್ಜರ್ ಹೊಸ ಮಾರ್ಟಿನಿ ಹೆನ್ರಿ ರೈಫಲ್ ಹಿಡಿದಾಗ ನಮ್ಮವನಿಗೆ ಹಳೇ ಸ್ನೈಡರ್, ಅವನಿಗೆ ಲೀ ಮೆಟ್‌ಫರ್ಡ್ ಬಂದಾಗ ನಮ್ಮವನಿಗೆ ಅದೇ ಮಾರ್ಟಿನಿ. ಪೊಲೀಸಿನವನು ಅದಕ್ಕಿಂತ ಕೆಳಗಿನ ಮೆಟ್ಟಿಲು. ಊರು ಕಾಯೋ ಕಾನ್‌ಸ್ಟೇಬಲ್‌ಗೆ ಡಕಾಯಿತರು ಎದುರಾದ್ರೆ ಏನು ಗತಿ ಅನ್ನೋದಕ್ಕಿಂತ ಇವನೇ ನಾಳೆ ನಮ್ಮ ಕಡೆ ತಿರುಗಿಸಿದ್ರೆ ಏನು ಅನ್ನೋದೇ ಅವರ ಚಿಂತೆ. ಒಬ್ಬ ಆರ್ಮರರ್ ಆಗಿ ನಂಗಿದು ತುಂಬಾ ನೋವು ಕೊಡೋ ವಿಷ್ಯ.

ಇನ್ನೊಂದು ಕಡೆ ಆಕ್ಸಿಲರಿ ಫೋರ್ಸ್ ಅಂತ ಇತ್ತು. 1920ರ ಕಾಯ್ದೆ ಪ್ರಕಾರ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಬಿಡುವಿನ ವೇಳೇಲಿ ಡ್ರಿಲ್ ಮಾಡಿ ಊರಿನ ರಕ್ಷಣೆಗೆ ನಿಲ್ಲೋ ಪಡೆ, ರೈಲ್ವೆಯವರು, ಪ್ಲಾಂಟರುಗಳು ಹೆಚ್ಚಾಗಿದ್ರು, ನಮ್ಮ ಕೋಲಾರ ಚಿನ್ನದ ಗಣೀಲೂ ಒಂದು ಬೆಟಾಲಿಯನ್ ಇತ್ತು. ಇವರಿಗೆ ಗೀರಿರೋ ನಿಜವಾದ ರೈಫಲ್, ಜೊತೆಗೆ ಲೂಯಿಸ್ ಗನ್ ಅನ್ನೋ ಹಗುರ ಮಷಿನ್ ಗನ್.

ಈಗ ಬಾಂಗ್ಲಾದೇಶದಲ್ಲಿರೋ ಚಿತ್ತಗಾಂಗ್‌ನಲ್ಲಿ ಈ ಎರಡು ಥರದ ಕೋತ್ ಮೇಲೂ ಒಂದೇ ರಾತ್ರಿ ದಾಳಿ ಆಯ್ತು. 1930ರ ಏಪ್ರಿಲ್ 18, ಕ್ರಾಂತಿಕಾರಿ ಸೂರ್ಯ ಸೇನ್ ಮುಂದಾಳು. ಗಣೇಶ್ ಘೋಷ್ ತಂಡ ಪೊಲೀಸ್ ಆರ್ಮರಿಗೆ, ಲೋಕನಾಥ್ ಬಲ್ ತಂಡ ಆಕ್ಸಿಲರಿ ಫೋರ್ಸ್ ಆರ್ಮರಿಗೆ ಹೋಯ್ತು, ಟೆಲಿಫೋನ್ ಟೆಲಿಗ್ರಾಫ್ ಲೈನನ್ನೂ ಹಾಳು ಮಾಡಿದ್ರು. ಅಷ್ಟು ಚೆನ್ನಾಗಿ ಪ್ಲಾನ್ ಮಾಡಿದ್ರೂ ಆಕ್ಸಿಲರಿ ಆರ್ಮರೀಲಿ ರೈಫಲ್ ಸಿಕ್ತು, ಲೂಯಿಸ್ ಗನ್ ಸಿಕ್ತು, ಅವಕ್ಕೆ ಹಾಕೋ ಗುಂಡು ಮಾತ್ರ ಸಿಗಲೇ ಇಲ್ಲ, ಅದನ್ನ ಬೇರೆ ಕಡೆ ಇಟ್ಟಿದ್ರು. ಗುಂಡಿಲ್ಲದ ಲೂಯಿಸ್ ಗನ್ ಬರೀ ಹೊರೆ. ಹಾಗಾಗಿ ನಾಲ್ಕು ದಿನ ಬಿಟ್ಟು ಏಪ್ರಿಲ್ 22ಕ್ಕೆ ಜಲಾಲಾಬಾದ್ ಗುಡ್ಡದ ಮೇಲೆ ಸೈನ್ಯ ಸುತ್ತುವರಿದಾಗ ಆ ಹುಡುಗರ ಕೈಲಿದ್ದದ್ದು ಪೊಲೀಸ್ ಮಸ್ಕೆಟ್. ಎದುರಿಗೆ ಸೈನ್ಯದ ರೈಫಲ್, ಮಷಿನ್ ಗನ್. ಹನ್ನೆರಡು ಜನ ಸತ್ರು, ಅದರಲ್ಲಿ ಲೋಕನಾಥ್ ಬಲ್ ಅವರ ತಮ್ಮ ಹರಿಗೋಪಾಲ್ ಕೂಡ ಒಬ್ಬ, ಇನ್ನೂ ಚಿಕ್ಕ ಹುಡುಗ. ಅವರ ಧೈರ್ಯದ ಕಥೆ ಎಲ್ಲರೂ ಹೇಳ್ತಾರೆ, ಹೇಳ್ಲೇಬೇಕು, ಆದ್ರೆ ಆ ಗುಡ್ಡದ ಮೇಲಿನ ಕಾಳಗ ಅಷ್ಟು ಅಸಮ ಆಗಿದ್ದಕ್ಕೆ ಆಯುಧ ಹಂಚಿದ ರೀತೀನೂ ಒಂದು ಕಾರಣ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ.

ನಮ್ಮ ಕೊಡಗಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ದೇಶದಲ್ಲೆಲ್ಲ ಜನರ ಕೈಯಿಂದ ಆಯುಧ ಕಿತ್ಕೊಳ್ತಿದ್ದ ಹೊತ್ತಲ್ಲೇ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಇಟ್ಕೊಳ್ಳೋಕೆ ವಿನಾಯಿತಿ ಕೊಟ್ಟ, ಅದು ಇವತ್ತಿಗೂ ನಡೀತಿದೆ, 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅಂದ್ರೆ ಯಾರನ್ನ ನಂಬ್ತೀವಿ ಅನ್ನೋದರ ಮೇಲೇ ಎಲ್ಲ ತೀರ್ಮಾನ ಆಗ್ತಿತ್ತು, ಬಂದೂಕಿನ ಗುಣ ಆಮೇಲಿನ ಮಾತು.

ಬಂದೂಕು ಒಂದು ಕಡೆ, ಗುಂಡು ಇನ್ನೊಂದು ಕಡೆ ಬೇರೆ ಬೀಗದಲ್ಲಿ ಇಡೋದು ಒಳ್ಳೇ ಪದ್ಧತೀನೇ, ಯಾರು ಆಳ್ತಿದ್ರೂ ಸರಿ, ಅದನ್ನ ಬಿಡಬಾರದು. ನಂಗೆ ತಪ್ಪು ಅನ್ಸೋದು ಕಾವಲಿಗೆ ಅಂತ ನಿಲ್ಲಿಸಿದವನಿಗೇ ಬೇಕಂತ ಕುಂದಿಸಿದ ಆಯುಧ ಕೊಡೋದು. ಸ್ವಾತಂತ್ರ್ಯ ಬಂದ ಮೇಲೂ ಸೈನ್ಯ ಬಿಟ್ಟಿದ್ದೇ ಪೊಲೀಸರಿಗೆ ಅನ್ನೋ ಅಭ್ಯಾಸ ಹೋಗಲಿಲ್ಲ, ಸೈನ್ಯ 1960ರ ದಶಕದಲ್ಲೇ ಎಸ್‌ಎಲ್‌ಆರ್‌ಗೆ (ತಾನೇ ಮುಂದಿನ ಗುಂಡು ತುಂಬ್ಕೊಳ್ಳೋ ರೈಫಲ್‌ಗೆ) ಬದಲಾದ್ರೂ ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದು 2020ರಲ್ಲಿ. ಹಳೇದು ಕೊಡೋದಾದ್ರೆ ಕೊಡ್ಲಿ, ಆದ್ರೆ ಬ್ಯಾರಲ್ ಸವೆದಿದೆಯಾ ಅಂತ ಗೇಜ್ ಹಾಕಿ ನೋಡಿ, ಬೋಲ್ಟ್ ನಂಬರ್ರೂ ಬಾಡಿ ನಂಬರ್ರೂ ತಾಳೆ ಮಾಡಿ, ಪ್ರಾಕ್ಟೀಸಿಗೆ ಸಾಕಾಗೋಷ್ಟು ಗುಂಡಿನ ಜೊತೆ ಕೊಡ್ಲಿ.